ಕರುಳಿನ ಕಾವಲು, ತಾಯಿಯ ಮೊದಲ ಹಾಲು

"ಡಾಕ್ಟ್ರಮ್ಮಾ, ಮಗೂಗೆ ಇಮ್ಯುನಿಟಿ ಜಾಸ್ತಿ ಆಗೋಕೆ ಏನಾದ್ರೂ ಮಜೂನ್ ಕೊಡಿ."

ಕೊರೋನಾ ಬಂದು ಹೋದ ಮೇಲೆ ನನ್ನ ದವಾಖಾನೆಯಲ್ಲಿ ಈ ಮಾತು ಕೇಳದ ವಾರವಿಲ್ಲ. ರೋಗನಿರೋಧಕ ಶಕ್ತಿ ತೊಟ್ಟಿಗೆ ತುಂಬುವ ನೀರಿನ ಹಾಗೆ, ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಅಲರ್ಜಿ, ಅಸ್ತಮಾ, ವರ್ಷಗಟ್ಟಲೆ ಕಾಡುವ ಕರುಳಿನ ಉರಿಯೂತ ಇವೆಲ್ಲ ನಿರೋಧಕ ಶಕ್ತಿ ಬರಿದಾಗಿ ಬರುವ ಕಾಯಿಲೆಗಳಲ್ಲ. ಆ ಶಕ್ತಿ ಬೇಡದ ಕಡೆ, ಬೇಡದಷ್ಟು ಕೆರಳಿದಾಗ ಬರುವ ಕಾಯಿಲೆಗಳು. ಯೂನಾನಿಯಲ್ಲಿ ಆರೋಗ್ಯಕ್ಕೆ ಆಧಾರವಾಗಿ ಹೇಳುವುದು 'ಇಅತಿದಾಲ್', ಅಂದರೆ ಹದ. ನಿರೋಧಕ ಶಕ್ತಿಗೂ ಇದೇ ಮಾತು ಸಲ್ಲುತ್ತದೆ. ಅದು ಹೊಡೆಯಬೇಕಾದಾಗ ಹೊಡೆಯಬೇಕು, ಸುಮ್ಮನಿರಬೇಕಾದಾಗ ಸುಮ್ಮನಿರಬೇಕು.

ಈ ಹದವನ್ನು ಕಾಯುವ ಒಂದು ವಸ್ತು ನಮ್ಮ ಕರುಳಿನಲ್ಲಿ ದಿನವೂ ತಯಾರಾಗುತ್ತದೆ. ಅದರ ಹೆಸರು ಐಜಿಎ. ಅದು ಒಂದು ಬಗೆಯ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ. ಮಗುವಿಗೆ ಅದರ ಮೊದಲ ಕಂತು ಬರುವುದು ಎಲ್ಲಿಂದ, ಎಷ್ಟೋ ಮನೆಗಳಲ್ಲಿ ಆ ಕಂತನ್ನು ನಾವೇ ಹೇಗೆ ಚೆಲ್ಲುತ್ತಿದ್ದೇವೆ ಎಂಬುದನ್ನು ಈ ತಿಂಗಳು ತಿಳಿಯೋಣ.

ಕರುಳಿಗೆ ಇಷ್ಟೊಂದು ಕಾವಲು ಏಕೆ?

ಕರುಳು ದೇಹದ ಒಳಗಿದ್ದರೂ ಅದರ ಒಳಮೈ ಹೊರಲೋಕಕ್ಕೆ ತೆರೆದಿರುವ ಬಾಗಿಲು. ನಾವು ತಿಂದಿದ್ದು, ಕುಡಿದಿದ್ದು, ಅದರ ಜೊತೆ ಬಂದ ರೋಗಾಣು ಎಲ್ಲವೂ ಆ ದಾರಿಯಲ್ಲೇ ಸಾಗಬೇಕು. ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ದೊಡ್ಡವರ ಕರುಳಿನ ಒಳಮೈ ಸುಮಾರು 30 ಚದರ ಮೀಟರ್ ಆಗುತ್ತದೆ ಎಂದು ಅಂದಾಜು. ಇಷ್ಟು ವಿಶಾಲವಾದ ಬಾಗಿಲಿಗೂ ರಕ್ತಕ್ಕೂ ನಡುವೆ ಇರುವುದು ಒಂದೇ ಒಂದು ಸಾಲು ಜೀವಕೋಶಗಳ ಗೋಡೆ. ಆಹಾರದ ಸಾರ ರಕ್ತಕ್ಕೆ ಸೇರಬೇಕಲ್ಲ, ಆದ್ದರಿಂದ ಗೋಡೆ ದಪ್ಪವಾಗಿರುವಂತಿಲ್ಲ.

ಗೋಡೆಯ ಆಚೆ ಇರುವ ಜನಸಂಖ್ಯೆಯೂ ಕಡಿಮೆಯಲ್ಲ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಹೆಚ್ಚಿನವು ನಮಗೆ ಬೇಕಾದವು. ನಾವು ಅರಗಿಸಲಾರದ ನಾರನ್ನು ಅವು ಅರಗಿಸುತ್ತವೆ, ಕೆಲವು ವಿಟಮಿನ್‌ಗಳನ್ನು ತಯಾರಿಸುತ್ತವೆ, ರೋಗಾಣುಗಳಿಗೆ ಜಾಗ ಸಿಗದಂತೆ ಮಾಡುತ್ತವೆ.

ಶಾದಿ ಮಹಲ್‌ನ ಬಾಗಿಲನ್ನು ನೆನಪಿಸಿಕೊಳ್ಳಿ. ಒಳಗೆ ಸಾವಿರ ಮಂದಿ ಊಟಕ್ಕೆ ಬರುತ್ತಾರೆ. ಬಾಗಿಲಲ್ಲಿ ಮನೆಯ ಹಿರಿಯರೊಬ್ಬರು ನಿಂತಿರುತ್ತಾರೆ. ನೆಂಟರನ್ನು ಗುರುತಿಸಿ ಜಾಗ ತೋರಿಸುತ್ತಾರೆ. ಗಲಾಟೆ ಮಾಡಲು ಬಂದವನ ಹೆಗಲ ಮೇಲೆ ಕೈಹಾಕಿ, ಸದ್ದಿಲ್ಲದೆ ಹೊರಗೆ ಕರೆದೊಯ್ಯುತ್ತಾರೆ. ಅದು ಬಿಟ್ಟು ಬಾಗಿಲಲ್ಲೇ ಹೊಡೆದಾಟಕ್ಕೆ ನಿಂತರೆ ಮದುವೆಯೇ ಕೆಡುತ್ತದೆ. ಕರುಳಿನಲ್ಲಿ ಐಜಿಎ ಮಾಡುವುದು ಆ ಹಿರಿಯರ ಕೆಲಸ.

ಐಜಿಎ ತಯಾರಾಗುವ ಬಗೆ

1677ರಲ್ಲಿ ಸ್ವಿಟ್ಜರ್‌ಲೆಂಡಿನ ವೈದ್ಯ ಯೋಹಾನ್ ಪೇಯರ್ ಸಣ್ಣ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಉಬ್ಬಿದ ತೇಪೆಗಳಿರುವುದನ್ನು ವಿವರಿಸಿದರು. ಇಂದಿಗೂ ಅವಕ್ಕೆ ಪೇಯರ್ ತೇಪೆಗಳೆಂದೇ ಹೆಸರು. ಅವುಗಳ ಕೆಲಸ ತಿಳಿಯಲು ಬಹಳ ಕಾಲ ಹಿಡಿಯಿತು. ಈ ತೇಪೆಗಳ ಮೇಲಿರುವ ವಿಶೇಷ ಕೋಶಗಳು ಕರುಳಿನಲ್ಲಿ ಸಾಗುವ ವಸ್ತುಗಳ, ಸೂಕ್ಷ್ಮಜೀವಿಗಳ ಚೂರುಗಳನ್ನು 'ಸ್ಯಾಂಪಲ್' ಎಂದು ಒಳಗೆ ತೆಗೆದುಕೊಳ್ಳುತ್ತವೆ. ಒಳಗಿರುವ ಬಿಳಿ ರಕ್ತಕಣಗಳು ಅದನ್ನು ಪರಿಶೀಲಿಸಿ, ಅದಕ್ಕೆ ಸರಿಹೊಂದುವ ಐಜಿಎ ತಯಾರಿಸಲು ಕಲಿಯುತ್ತವೆ. ಹಾಗೆ ಕಲಿತ ಕೋಶಗಳು ರಕ್ತದ ಮೂಲಕ ಸುತ್ತಿ ಬಂದು ಕರುಳಿನ ಉದ್ದಕ್ಕೂ ನೆಲೆಸುತ್ತವೆ.

ಐಜಿಎಯನ್ನು ರಕ್ತದಲ್ಲಿ ಪ್ರತ್ಯೇಕವಾಗಿ ಗುರುತಿಸಿದವರು ಬೆಲ್ಜಿಯಂನ ಯೋಸೆಫ್ ಹೆರೆಮನ್ಸ್, 1959ರಲ್ಲಿ. ಎಂಜಲು, ಎದೆಹಾಲು ಮುಂತಾದ ಸ್ರಾವಗಳಲ್ಲಿರುವ ಐಜಿಎಯ ರಚನೆ ಬೇರೆಯೇ ಎಂದು ಅಮೆರಿಕದ ಥಾಮಸ್ ಟೊಮಾಸಿ ಮತ್ತು ಸಂಗಡಿಗರು 1965ರಲ್ಲಿ ತೋರಿಸಿದರು. ಪ್ರತಿಕಾಯ ಸಾಮಾನ್ಯವಾಗಿ ಕವೆಗೋಲಿನ ಆಕಾರದಲ್ಲಿರುತ್ತದೆ. ಕರುಳಿನ ಐಜಿಎ ಎರಡು ಕವೆಗೋಲುಗಳನ್ನು ಬುಡಕ್ಕೆ ಬುಡ ಸೇರಿಸಿ ಕಟ್ಟಿದ ಹಾಗಿದೆ. ಹೀಗಾಗಿ ಅದಕ್ಕೆ ನಾಲ್ಕು ಕೈಗಳು. ಕರುಳಿನ ಗೋಡೆಯ ಕೋಶಗಳು ಅದನ್ನು ಹೊತ್ತು ಒಳಗಿನಿಂದ ಕರುಳಿನ ಕಡೆಗೆ ದಾಟಿಸುತ್ತವೆ. ದಾಟಿಸುವಾಗ ಒಂದು ಹೊದಿಕೆಯನ್ನೂ ತೊಡಿಸಿ ಕಳಿಸುತ್ತವೆ. ಆ ಹೊದಿಕೆ ಇರುವುದರಿಂದ ಅದು ಜೀರ್ಣರಸಗಳಲ್ಲಿ ಸುಲಭವಾಗಿ ಕರಗುವುದಿಲ್ಲ. ಆರೋಗ್ಯವಂತ ವಯಸ್ಕರ ಕರುಳಿನೊಳಗೆ ದಿನಕ್ಕೆ 3ರಿಂದ 5 ಗ್ರಾಂ ಐಜಿಎ ಇಳಿಯುತ್ತದೆ. ದೇಹ ತಯಾರಿಸುವ ಉಳಿದೆಲ್ಲ ಪ್ರತಿಕಾಯಗಳನ್ನು ಒಟ್ಟು ಸೇರಿಸಿದರೂ ಇಷ್ಟಾಗುವುದಿಲ್ಲ.

ಹೊಡೆಯದೆ ಕಾಯುವುದು

ರಕ್ತದಲ್ಲಿರುವ ಪ್ರತಿಕಾಯಗಳು ಶತ್ರುವನ್ನು ಹಿಡಿದ ಕೂಡಲೇ ಸಹಾಯಕ್ಕೆ ಬೇರೆ ಕೋಶಗಳನ್ನು ಕರೆಯುತ್ತವೆ. ಅಲ್ಲಿ ಊತ, ಬಿಸಿ, ನೋವು ಶುರುವಾಗುತ್ತದೆ. ಗಾಯವಾದ ಬೆರಳಿಗೆ ಇದು ಸರಿ. ಆದರೆ ಪ್ರತಿ ತುತ್ತಿಗೂ ಕರುಳಿನಲ್ಲಿ ಹೀಗಾದರೆ ಮನುಷ್ಯ ಬದುಕಲಾರ. ಐಜಿಎ ಆ ಗದ್ದಲ ಎಬ್ಬಿಸುವುದಿಲ್ಲ. ಅದರ ಕೆಲಸವನ್ನು ಮೂರು ಭಾಗ ಮಾಡಿ ತಿಳಿಯಬಹುದು.

ಮೊದಲನೆಯದು, ದೂರ ಇಡುವುದು. ನಾಲ್ಕು ಕೈಗಳಿಂದ ರೋಗಾಣುಗಳನ್ನು ಒಂದಕ್ಕೊಂದು ಕಟ್ಟಿ, ಕರುಳಿನ ಲೋಳೆಯಲ್ಲಿ ಸಿಕ್ಕಿಸಿ, ಗೋಡೆಗೆ ತಾಗದಂತೆ ಮಾಡುತ್ತದೆ. ಇಲಿಗಳ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವಾಗ ಐಜಿಎ ಅವುಗಳನ್ನು ಬಿಡಿಬಿಡಿಯಾಗಿ ಹರಡಲು ಬಿಡದೆ ಸರಪಳಿಯಂತೆ ಹಿಡಿದಿಡುತ್ತದೆ ಎಂದು ಅದರಲ್ಲಿ ಕಂಡುಬಂತು. ಆ ಗಂಟು ಮಲದ ಜೊತೆ ಹೊರಗೆ ಹೋಗುತ್ತದೆ.

ಎರಡನೆಯದು, ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಜಾಗ ಕೊಡುವುದು. ಐಜಿಎ ಅಂಟಿಕೊಂಡ ಬ್ಯಾಕ್ಟೀರಿಯಾಗಳೆಲ್ಲ ಶತ್ರುಗಳಲ್ಲ. ಕೆಲವು ಉಪಕಾರಿ ಬ್ಯಾಕ್ಟೀರಿಯಾಗಳು ಐಜಿಎಯನ್ನೇ ಆಸರೆ ಮಾಡಿಕೊಂಡು ಲೋಳೆಯಲ್ಲಿ ತಮ್ಮ ಜಾಗದಲ್ಲಿ ನೆಲೆ ನಿಲ್ಲುತ್ತವೆ ಎಂದು 2018ರ ಇನ್ನೊಂದು ಇಲಿ ಅಧ್ಯಯನ ತೋರಿಸಿತು.

ಮೂರನೆಯದು, ಒಳಗೆ ಸಮಾಧಾನದ ಸುದ್ದಿ ಮುಟ್ಟಿಸುವುದು. ಐಜಿಎ ಹಿಡಿದ ಕೆಲವು ಚೂರುಗಳು ಪೇಯರ್ ತೇಪೆಗಳ ಮೂಲಕ ಮತ್ತೆ ಒಳಗೆ ಹೋಗುತ್ತವೆ. ಹಾಗೆ ಬಂದ ವಸ್ತುವಿನ ವಿರುದ್ಧ ಒಳಗಿನ ಕೋಶಗಳು ಕೆರಳುವುದು ಕಡಿಮೆ. ನಿರೋಧಕ ವ್ಯವಸ್ಥೆಗೆ ಲಗಾಮು ಹಾಕುವ 'ನಿಯಂತ್ರಕ ಟಿ ಕೋಶ'ಗಳೂ ಕರುಳಿನಲ್ಲಿ ಐಜಿಎಯ ಜೊತೆಗೂಡಿ ದುಡಿಯುತ್ತವೆ. ಈ ಕೋಶಗಳ ಕುರಿತ ಸಂಶೋಧನೆಗೇ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಈ ಕಾವಲು ಇಲ್ಲದಿದ್ದರೆ?

ಜಪಾನಿನ ಕ್ಯೋಟೋದಲ್ಲಿ ಐಜಿಎ ತಯಾರಿಸಲಾಗದ ಇಲಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಆ ಇಲಿಗಳ ಸಣ್ಣ ಕರುಳಿನಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ನೂರು ಪಟ್ಟು ಹೆಚ್ಚಿದ್ದವು. ಅದಕ್ಕೆ ಪ್ರತಿಯಾಗಿ ಕರುಳಿನ ನಿರೋಧಕ ಗ್ರಂಥಿಗಳೆಲ್ಲ ಊದಿಕೊಂಡಿದ್ದವು. ಯಾವ ಹೊಸ ರೋಗಾಣುವೂ ಬಂದಿರಲಿಲ್ಲ. ಮನೆಯವರ ನಡುವಿನ ಅಂತರ ತಪ್ಪಿದ್ದೇ ಜಗಳಕ್ಕೆ ಕಾರಣವಾಗಿತ್ತು.

ಮನುಷ್ಯರಲ್ಲೂ ಹುಟ್ಟಿನಿಂದಲೇ ಐಜಿಎ ಇಲ್ಲದವರಿದ್ದಾರೆ. ಯುರೋಪ್ ಮೂಲದ ಜನರಲ್ಲಿ ಸುಮಾರು 600ಕ್ಕೆ ಒಬ್ಬರಲ್ಲಿ ಈ ಕೊರತೆ ಕಾಣುತ್ತದೆ. ಇವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ, ಏಕೆಂದರೆ ಐಜಿಎಂ ಎಂಬ ಇನ್ನೊಂದು ಪ್ರತಿಕಾಯ ಆ ಜಾಗಕ್ಕೆ ಬಂದು ದುಡಿಯುತ್ತದೆ. ಕೆಲವರಿಗೆ ಮಾತ್ರ ಮತ್ತೆ ಮತ್ತೆ ಕಿವಿ, ಸೈನಸ್, ಶ್ವಾಸಕೋಶದ ಸೋಂಕು ಕಾಡುತ್ತದೆ. ಕರುಳಿನ ಜಿಯಾರ್ಡಿಯಾ ಸೋಂಕೂ ಆಗುತ್ತದೆ. ಅದರ ಜೊತೆಗೆ ಅಲರ್ಜಿಯೂ, ದೇಹ ತನ್ನನ್ನೇ ಹೊಡೆದುಕೊಳ್ಳುವ ಕಾಯಿಲೆಗಳೂ ಇತರರಿಗಿಂತ ಹೆಚ್ಚು. ಕಾವಲು ಕುಂದಿದ ಮನೆಗೆ ಕಳ್ಳನೂ ನುಗ್ಗುತ್ತಾನೆ, ಒಳಗಿನವರೂ ಬಡಿದಾಡುತ್ತಾರೆ.

ಮಗುವಿಗೆ ಮೊದಲ ಕಂತು

ಹುಟ್ಟಿದ ಮಗುವಿನ ಕರುಳಿನಲ್ಲಿ ಅದರದೇ ಐಜಿಎ ಇಲ್ಲವೆನ್ನುವಷ್ಟು ಕಡಿಮೆ. ತಯಾರಿಕೆ ಶುರುವಾಗಲು ವಾರಗಳು ಬೇಕು, ದೊಡ್ಡವರ ಮಟ್ಟಕ್ಕೆ ಬರಲು ವರ್ಷಗಳೇ ಬೇಕು. ಆದರೆ ಬ್ಯಾಕ್ಟೀರಿಯಾಗಳು ಹೆರಿಗೆಯ ಗಳಿಗೆಯಿಂದಲೇ ಬಂದು ಸೇರತೊಡಗುತ್ತವೆ. ನಡುವಿನ ಈ ಕಾಲಕ್ಕೆ ಅಲ್ಲಾಹನು ಮಾಡಿಟ್ಟ ಏರ್ಪಾಡು ತಾಯಿಯ ಹಾಲು. ಅದರಲ್ಲೂ ಮೊದಲ ಎರಡು ಮೂರು ದಿನ ಬರುವ ಹಳದಿ, ಮಂದ ಹಾಲಿನಲ್ಲಿ ಐಜಿಎ ಮುಂದಿನ ಹಾಲಿಗಿಂತ ಹಲವು ಪಟ್ಟು ಹೆಚ್ಚು. ಪ್ರಮಾಣ ಕೆಲವೇ ಚಮಚ ಇರುತ್ತದೆ. ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು.

ಇನ್ನೊಂದು ಸಂಗತಿ ಕೇಳಿ. ತಾಯಿಯ ಕರುಳಿನಲ್ಲಿ ಐಜಿಎ ತಯಾರಿಸಲು ಕಲಿತ ಕೋಶಗಳಲ್ಲಿ ಒಂದು ಪಾಲು ಎದೆಗೆ ಬಂದು ನೆಲೆಸುತ್ತವೆ. ಹಾಗಾಗಿ ಆ ಮನೆಯ ನೀರು, ಆ ಊರಿನ ಗಾಳಿ, ಆ ಅಡುಗೆಮನೆಯಲ್ಲಿ ತಾಯಿ ಎದುರಿಸಿದ ರೋಗಾಣುಗಳಿಗೆ ತಕ್ಕ ಪ್ರತಿಕಾಯಗಳೇ ಅವಳ ಹಾಲಿನಲ್ಲಿ ಇರುತ್ತವೆ. ಮಗು ಹುಟ್ಟಿರುವುದೂ ಅದೇ ಮನೆಯಲ್ಲಿ. ಯಾವ ಡಬ್ಬಿಯ ಪುಡಿಯೂ ಇದನ್ನು ಕೊಡಲಾರದು. ಈ ಐಜಿಎ ಮಗುವಿನ ರಕ್ತಕ್ಕೆ ಸೇರದೆ ಕರುಳಿನಲ್ಲೇ ನಿಂತು ಲೇಪದ ಹಾಗೆ ಕೆಲಸ ಮಾಡುತ್ತದೆ. ತಾಯಿಯ ಐಜಿಎ ಸಿಕ್ಕಿದ ಇಲಿಮರಿಗಳು ದೊಡ್ಡವಾದ ಮೇಲೂ ಅವುಗಳ ಕರುಳಿನ ಬ್ಯಾಕ್ಟೀರಿಯಾಗಳ ಬಗೆ ಬೇರೆಯಾಗಿತ್ತು, ಕರುಳು ಹಾನಿಯನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡಿತು ಎಂದು 2014ರ ಅಧ್ಯಯನವೊಂದು ಹೇಳುತ್ತದೆ.

ಹಳ್ಳಿಯಲ್ಲಿ ಹಸು ಕರು ಹಾಕಿದರೆ ಗಿಣ್ಣುಹಾಲಿಗಾಗಿ ಪಕ್ಕದ ಮನೆಯವರೂ ಪಾತ್ರೆ ಹಿಡಿದು ಬರುತ್ತಾರೆ. ಕರುವಿಗೆ ಮೊದಲ ಗಿಣ್ಣು ಕುಡಿಸದಿದ್ದರೆ ಅದು ಬದುಕುವುದು ಕಷ್ಟ ಎಂದು ದನ ಸಾಕುವವರಿಗೆ ಗೊತ್ತು. ಆದರೆ ನಮ್ಮ ಮಗುವಿನ ಪಾಲಿನ ಗಿಣ್ಣುಹಾಲನ್ನು 'ಒಂಬತ್ತು ತಿಂಗಳು ಒಳಗೆ ನಿಂತ ಹಾಲು, ಕೆಟ್ಟಿರುತ್ತದೆ' ಎಂದು ಹಿಂಡಿ ಚೆಲ್ಲುತ್ತೇವೆ.

ನಾನೇ ಮಾಡಿದ ತಪ್ಪು

ಇದನ್ನು ಬೇರೆಯವರ ಮನೆಯ ಕಥೆಯಾಗಿ ಹೇಳುತ್ತಿಲ್ಲ. ನನ್ನ ಮೊದಲ ಹೆರಿಗೆಯಾದಾಗ ನಾನು ಬಿ.ಯು.ಎಂ.ಎಸ್. ಮುಗಿಸಿ ದವಾಖಾನೆ ಇಟ್ಟಾಗಿತ್ತು. ನಮ್ಮ ಅತ್ತೆ ಪ್ರೀತಿಯಿಂದಲೇ ಮೊದಲ ಹಾಲನ್ನು ಬಟ್ಟೆಗೆ ಹಿಂಡಿಸಿದರು. ಮೂರು ದಿನ ಮಗುವಿನ ಬಾಯಿಗೆ ಜೇನು, ಸಕ್ಕರೆ ನೀರು, ಘುಟ್ಟಿ ಹಾಕಿದರು. ನಾನು ಸುಮ್ಮನಿದ್ದೆ. ಅವರ ಮನಸ್ಸು ನೋಯಿಸಬಾರದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಾನು ಓದಿದ್ದ ಹಳೆಯ ಗ್ರಂಥ. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ಹೇಳಿದ್ದಾರೆ. ಆದರೆ ಹೆರಿಗೆಯ ನಂತರ ತಾಯಿಯ ಮಿಜಾಜ್ ಹದಕ್ಕೆ ಬರುವವರೆಗೆ ಮೊದಲಲ್ಲಿ ಬೇರೊಬ್ಬಳು ಹಾಲುಣಿಸುವುದು ಒಳ್ಳೆಯದು ಎಂಬ ಸಲಹೆಯೂ ಅಲ್ಲಿದೆ. ಅದಕ್ಕಿಂತ ಹಿಂದಿನ ಗ್ರೀಕ್ ವೈದ್ಯರಲ್ಲೂ ಇಂಥದೇ ಅಭಿಪ್ರಾಯವಿತ್ತು.

ಮಗಳಿಗೆ ಎರಡನೇ ತಿಂಗಳಲ್ಲಿ ಭೇದಿ ಹಿಡಿಯಿತು. ಆಸ್ಪತ್ರೆಯಲ್ಲಿ ಮೂರು ದಿನ ಅವಳ ಪುಟ್ಟ ಕೈಗೆ ಡ್ರಿಪ್ ಹಾಕಿಸಿಕೊಂಡು ಕೂತಿದ್ದೆ. ಮೊದಲ ಹಾಲು ಚೆಲ್ಲಿದ್ದಕ್ಕೇ ಹಾಗಾಯಿತು ಎಂದು ಹೇಳಲು ಆಗದು. ಹಾಲು ಕುಡಿದ ಮಕ್ಕಳಿಗೂ ಭೇದಿ ಬರುತ್ತದೆ. ಆದರೆ ನನ್ನ ಕೈಯಲ್ಲಿದ್ದ ರಕ್ಷಣೆಯನ್ನು ನಾನೇ ಬಟ್ಟೆಗೆ ಹಿಂಡಿದ್ದೆ ಎಂಬುದು ಆ ಮೂರು ರಾತ್ರಿ ನನ್ನನ್ನು ಬಿಡಲಿಲ್ಲ.

ಇಬ್ನ್ ಸೀನಾ ಮಹಾನ್ ವೈದ್ಯರು. ಸಾವಿರ ವರ್ಷದ ಹಿಂದೆ ಕಣ್ಣಿಗೆ ಕಂಡಿದ್ದನ್ನು, ಅನುಭವಕ್ಕೆ ಬಂದಿದ್ದನ್ನು ಬರೆದರು. ಹಳದಿ ಹಾಲಿನಲ್ಲಿ ಪ್ರತಿಕಾಯವಿದೆ ಎಂದು ತಿಳಿಯುವ ದಾರಿ ಅವರಿಗಿರಲಿಲ್ಲ. ಇದ್ದಿದ್ದರೆ ಆ ಸಾಲನ್ನು ಅವರೇ ತಿದ್ದುತ್ತಿದ್ದರು ಎಂದು ನಾನು ನಂಬುತ್ತೇನೆ. ಗುರುಗಳಿಗೆ ಗೌರವ ಕೊಡುವುದೆಂದರೆ ಅವರ ತಪ್ಪನ್ನೂ ಹೊತ್ತು ತಿರುಗುವುದಲ್ಲ. ಎರಡನೇ ಹೆರಿಗೆಗೆ ಮೊದಲೇ ಅತ್ತೆಯ ಹತ್ತಿರ ಕೂತು ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗ ಹುಟ್ಟಿದಾಗ ಅವರೇ ಅವನನ್ನು ಎತ್ತಿ ತಂದು ನನ್ನ ಎದೆಗೆ ಹಿಡಿದರು.

ಈ ತಪ್ಪು ನಮ್ಮ ಸಮುದಾಯದ್ದು ಮಾತ್ರವೂ ಅಲ್ಲ, ಓದು ಬಾರದವರದ್ದು ಮಾತ್ರವೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಕ್ಕಿದ್ದು ಶೇ. 41.8 ಮಕ್ಕಳಿಗೆ ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ಶೇ. 63.7.

ಎರಡು ಹನಿಯ ಗುಟ್ಟು

'ಇಂಜೆಕ್ಷನ್ ಇರುವಾಗ ಬಾಯಿಗೆ ಹನಿ ಏಕೆ?' ಎಂದು ತಾಯಂದಿರು ಕೇಳುತ್ತಾರೆ. ಉತ್ತರ ಕರುಳಿನಲ್ಲಿದೆ. ಪೋಲಿಯೊ ವೈರಸ್ ಬಾಯಿಯಿಂದ ಹೋಗಿ ಕರುಳಿನಲ್ಲಿ ಬೆಳೆದು, ಮಲದ ಮೂಲಕ ಇತರರಿಗೆ ಹರಡುತ್ತದೆ. ಇಂಜೆಕ್ಷನ್ ರಕ್ತದಲ್ಲಿ ಪ್ರತಿಕಾಯ ಬೆಳೆಸಿ ಮಗುವನ್ನು ಲಕ್ವದಿಂದ ಕಾಪಾಡುತ್ತದೆ. ಕರುಳಿನಲ್ಲಿ ಐಜಿಎ ಚೆನ್ನಾಗಿ ಬೆಳೆಸಿ ವೈರಸ್ ಹರಡುವುದನ್ನೇ ತಡೆಯುವುದು ಹನಿಯ ಕೆಲಸ. ಅದಕ್ಕೇ ಈಗ ಎರಡನ್ನೂ ಕೊಡುತ್ತಾರೆ. ಹನಿಯಿಂದ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಸುದ್ದಿ ಉತ್ತರ ಪ್ರದೇಶದ ಮುಸ್ಲಿಂ ಬಡಾವಣೆಗಳಲ್ಲಿ ಒಂದು ಕಾಲದಲ್ಲಿ ಬಹಳ ಹಬ್ಬಿತ್ತು. ಉಲೆಮಾಗಳು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್ದರ್ದ್ ಮುಂದೆ ಬಂದು ಜನರ ಭಯ ಹೋಗಲಾಡಿಸಲು ದುಡಿದರು. ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿ 13ರಂದು ಕಾಣಿಸಿಕೊಂಡಿತು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಮನೆಯಲ್ಲಿ ನಾವು ಮಾಡಬೇಕಾದ್ದು

1. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ. ಸಿಸೇರಿಯನ್ ಆಗಿದ್ದರೂ ನರ್ಸ್ ಸಹಾಯದಿಂದ ಆದಷ್ಟು ಬೇಗ ಕೊಡಬಹುದು. ಹಳದಿ ಹಾಲಿನ ಒಂದು ಹನಿಯನ್ನೂ ಚೆಲ್ಲಬೇಡಿ.

2. ಆರು ತಿಂಗಳವರೆಗೆ ಬರೀ ಎದೆಹಾಲು ಸಾಕು, ನೀರೂ ಬೇಡ. ವೈದ್ಯರು ಹೇಳಿದ ಔಷಧಿ, ಹನಿಗಳನ್ನು ಮಾತ್ರ ಕೊಡಿ. ಆಮೇಲೆ ಮೇಲೂಟದ ಜೊತೆ ಎದೆಹಾಲು ಮುಂದುವರಿಸಿ. ಎರಡು ಪೂರ್ಣ ವರ್ಷದ ಹಾಲುಣಿಕೆಯ ಮಾತು ಖುರ್‌ಆನ್‌ನ ಅಲ್ ಬಕರಃ ಅಧ್ಯಾಯದಲ್ಲೂ ಇದೆ.

3. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಅದರಲ್ಲಿರಬಹುದಾದ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಹಸುಗೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲವು. ದೊಡ್ಡವರಿಗೆ ಶಿಫಾ ಆಗಿರುವ ಜೇನು ಕೂಸಿಗೆ ಅಪಾಯವಾಗಬಹುದು.

4. ತಹ್‌ನೀಕ್ ಮಾಡುವವರು ಸಾಬೂನಿನಿಂದ ಕೈ ತೊಳೆದು, ಮೆತ್ತಗೆ ಅರೆದ ಖರ್ಜೂರವನ್ನು ಬೆರಳ ತುದಿಯಲ್ಲಿ ಸೋಕಿಸಿದರೆ ಸಾಕು. ಕೆಮ್ಮು, ಜ್ವರ, ಬಾಯಿಹುಣ್ಣು ಇರುವವರು ಮಾಡಬಾರದು. ಅದಕ್ಕಾಗಿ ಯಾರನ್ನೋ ಕಾಯುತ್ತಾ ಹಾಲು ತಡಮಾಡಬಾರದು. ದಿನ ತುಂಬದೆ ಹುಟ್ಟಿದ ಮಗುವಾದರೆ ಮಕ್ಕಳ ವೈದ್ಯರನ್ನು ಕೇಳದೆ ಏನನ್ನೂ ಬಾಯಿಗಿಡಬೇಡಿ.

5. ಮಗುವಿಗೆ ನೀರುಭೇದಿಯಾದರೆ ಓಆರ್‌ಎಸ್ ಮತ್ತು ವೈದ್ಯರು ಹೇಳಿದ ಪ್ರಮಾಣದಲ್ಲಿ ಜಿಂಕ್ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಮೆಡಿಕಲ್ ಶಾಪಿನಿಂದ ನೀವೇ ಆ್ಯಂಟಿಬಯೋಟಿಕ್ ತರಬೇಡಿ. ಅದು ಐಜಿಎ ಹದವಾಗಿ ಸಾಕಿದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮೂತ್ರ ಕಡಿಮೆಯಾಗುವುದು, ಹಾಲು ಕುಡಿಯಲಾಗದ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಎರಡು ತಿಂಗಳೊಳಗಿನ ಕೂಸಾದರೆ ಕಾಯಲೇಬೇಡಿ.

6. ಹನಿಗಳನ್ನು ತಪ್ಪಿಸಬೇಡಿ. ಪೋಲಿಯೊ ಹನಿ ಹುಟ್ಟಿದಾಗ, ಆಮೇಲೆ 6, 10, 14ನೇ ವಾರಗಳಲ್ಲಿ ಕೊಡುತ್ತಾರೆ. ರೋಟಾವೈರಸ್ ಹನಿಯೂ ಅದೇ ಮೂರು ವಾರಗಳಲ್ಲಿ ಇದೆ.

7. ಕರುಳಿನಲ್ಲಿ ಐಜಿಎ ತಯಾರಾಗಲು ವಿಟಮಿನ್ ಎ ನೆರವಾಗುತ್ತದೆ. ಮನೆಯವರ ಊಟದಲ್ಲಿ ನುಗ್ಗೆಸೊಪ್ಪು, ಪಾಲಕ್, ಗಜ್ಜರಿ, ಪಪ್ಪಾಯಿ, ಮೊಟ್ಟೆ ಇರಲಿ. ಮಗುವಿಗೆ ಒಂಬತ್ತನೇ ತಿಂಗಳಿನಿಂದ ಸರ್ಕಾರಿ ಕೇಂದ್ರದಲ್ಲಿ ಕೊಡುವ ವಿಟಮಿನ್ ಎ ಹಾಕಿಸಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದರ ಮಾತ್ರೆ ತಿನ್ನಬಾರದು.

ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಹಾಲುಣಿಸಲು ಆಗದ ತಾಯಂದಿರು ಇದನ್ನು ಓದಿ ಕೊರಗಬೇಡಿ. ಮಗು ತನ್ನದೇ ಐಜಿಎ ತಯಾರಿಸಲು ಕಲಿಯುತ್ತದೆ. ಅಷ್ಟರವರೆಗೆ ಶುಚಿತ್ವ ಮತ್ತು ಲಸಿಕೆಯಲ್ಲಿ ಹೆಚ್ಚು ಎಚ್ಚರ ವಹಿಸಿದರೆ ಸಾಕು.

ಮಜೂನ್ ಕೇಳಲು ಬರುವವರಿಗೆ ನಾನೀಗ ಮೊದಲು ಕೇಳುವುದು, "ಮನೇಲಿ ಯಾರಾದ್ರೂ ಬಸುರಿ ಇದಾರಾ?" ಎಂದು. ಇದ್ದರೆ, ಅವರ ಅತ್ತೆಯನ್ನೂ ಅಮ್ಮನನ್ನೂ ಒಂದು ದಿನ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಹೆರಿಗೆಯ ದಿನ ಮಗುವನ್ನು ಮೊದಲು ಎತ್ತಿಕೊಳ್ಳುವುದು ಹೆಚ್ಚಾಗಿ ಅವರೇ. ಈ ಮಾತು ಅವರಿಗೆ ಅದಕ್ಕೂ ಮೊದಲೇ ಗೊತ್ತಿರಬೇಕು.